ತಿಂಗಳ ಕೊನೆಯ ತಿಳಿಸಾರು

ಕೈಯಲ್ಲಿರುವ ದುಡ್ಡು ಕರಗುತ್ತಾ ಬಂದ ಹಾಗೆ ಅಡುಗೆಮನೆಯಲ್ಲಿ ಮೊದಲು ಬದಲಾಗುವುದು ಸಾರಿನ ಗಟ್ಟಿತನ. ತಿಂಗಳ ಮೊದಲ ವಾರ ಸೌಟು ಅದ್ದಿದರೆ ಬೇಳೆ ಮೇಲೆ ಬರುತ್ತದೆ. ಇಪ್ಪತ್ತೈದನೇ ತಾರೀಖಿನ ಹೊತ್ತಿಗೆ ಅದೇ ಸೌಟು ಪಾತ್ರೆಯ ತಳ ಕೆರೆದರೂ ಸಿಗುವುದು ಹುಳಿ ನೀರು, ಒಂದೆರಡು ಟೊಮೆಟೊ ಸಿಪ್ಪೆ. ಅನ್ನದ ಪಾತ್ರೆ ಮಾತ್ರ ಎಂದಿನಷ್ಟೇ ತುಂಬಿರುತ್ತದೆ. ಎಣ್ಣೆ ಕ್ಯಾನು, ಸಕ್ಕರೆ ಡಬ್ಬಿ, ಸಂಜೆ ಟೀ ಜೊತೆಗಿನ ಬಿಸ್ಕತ್ತಿನ ಪೊಟ್ಟಣ ಇವೂ ಹೆಚ್ಚುಕಮ್ಮಿ ಹಾಗೇ ಇರುತ್ತವೆ. ದರ ಏರಿದಾಗೆಲ್ಲ ನಾವು ಕತ್ತರಿ ಹಾಕುವುದು ಬೇಳೆಗೆ, ಸೊಪ್ಪಿಗೆ, ಮಕ್ಕಳ ಮೊಟ್ಟೆಗೆ. ಕೆ.ಜಿ. ದರ ನೋಡಿದರೆ ಅದು ಸರಿಯಾದ ಲೆಕ್ಕವೇ. ಆದರೆ ಅಂಗಡಿಯವನು ತೂಗುವ ಕೆ.ಜಿ. ಬೇರೆ, ಮೈ ತೂಗುವ ಕೆ.ಜಿ. ಬೇರೆ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಊಟ ಮಾಡುವುದು ನಮ್ಮಲ್ಲಿ ಇವತ್ತಿಗೂ ಸಾಧ್ಯವಿದೆ. ಅದಕ್ಕೆ ದೊಡ್ಡ ಅಡ್ಡಿಯಾಗಿರುವುದು ಉಳಿತಾಯವನ್ನು ತಪ್ಪು ಜಾಗದಲ್ಲಿ ಶುರುಮಾಡುವ ಈ ಅಭ್ಯಾಸ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆ ಹೇಗಿರಬೇಕು ಎಂದು ಹೇಳಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪೂ ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಕಡಲೆಕಾಯಿ ಬೀಜದಂಥವು 35 ಗ್ರಾಂ, ಎಣ್ಣೆ 27 ಗ್ರಾಂ. ಇದನ್ನು ನಾಲ್ಕು ಜನರ ಮನೆಯ ದಿನಸಿ ಚೀಟಿಗೆ ಇಳಿಸಿ ನೋಡಿ. ತಿಂಗಳಿಗೆ ಧಾನ್ಯ 30 ಕೆ.ಜಿ., ಬೇಳೆಕಾಳು 10 ಕೆ.ಜಿ. ಆಗುತ್ತದೆ. ಮೂರು ಪಾಲು ಅಕ್ಕಿ-ರಾಗಿಗೆ ಒಂದು ಪಾಲು ಕಾಳು. ಈಗ ನಿಮ್ಮ ಮನೆಯ ಕಳೆದ ತಿಂಗಳ ಚೀಟಿ ತೆಗೆದು ಬೇಳೆಕಾಳಿನ ಸಾಲುಗಳನ್ನು ಕೂಡಿ. ಹತ್ತು ಕೆ.ಜಿ. ಇರಲಿ, ಅದರ ಅರ್ಧ ಮುಟ್ಟಿದ್ದರೂ ನಿಮ್ಮದು ಪರವಾಗಿಲ್ಲ ಎನ್ನುವ ಮನೆ.

ಅಕ್ಕಿಯ ಕಡೆ ಈ ಕೊರತೆ ಇಲ್ಲ. 2013ರಲ್ಲಿ ಶುರುವಾದ ಅನ್ನಭಾಗ್ಯ ಪಡಿತರ ಯೋಜನೆಯಿಂದ ತಲೆಗೆ 10 ಕೆ.ಜಿ. ಪೂರ್ತಿ ಸಿಕ್ಕರೆ ನಾಲ್ಕು ಜನರ ಕಾರ್ಡಿಗೆ 40 ಕೆ.ಜಿ. ಆಗುತ್ತದೆ, ಮಾರ್ಗಸೂಚಿ ಹೇಳುವ ಒಟ್ಟು ಧಾನ್ಯಕ್ಕಿಂತಲೂ ಹೆಚ್ಚು. ಸರ್ಕಾರಕ್ಕೂ ಇದು ಗೊತ್ತಾಗಿದೆ. ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ್ದರ ಹಿಂದೆ ಇದೇ ಲೆಕ್ಕವಿದೆ. (ಆ ಕಿಟ್‌ನಲ್ಲಿ ಸಕ್ಕರೆ ಯಾಕೆ ಬೇಕಿತ್ತು ಎನ್ನುವುದು ಬೇರೆ ಪ್ರಶ್ನೆ.) ಅನ್ನಭಾಗ್ಯ ಹಸಿವನ್ನು ನೀಗಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ 30ರಷ್ಟು ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಹೊಟ್ಟೆ ತುಂಬಿದೆ, ಮೈಗೆ ಹತ್ತಿಲ್ಲ.

ಕಾಳು ಕೊಳ್ಳಲು ಕೈ ಹಿಂಜರಿಯುವುದು ದರದ ಬೋರ್ಡು ನೋಡಿ. ಹಾಗಾದರೆ ದರವನ್ನೇ ಇನ್ನೊಂದು ಬಗೆಯಲ್ಲಿ ಓದೋಣ. ಬೆಲೆ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬೇರೆಯಾಗುವುದರಿಂದ ಲೆಕ್ಕದ ಅನುಕೂಲಕ್ಕೆ ಕೆಲವು ಅಂಕಿ ಇಟ್ಟುಕೊಳ್ಳುತ್ತೇನೆ, ನಿಮ್ಮ ಅಂಗಡಿಯ ದರ ಹಾಕಿ ನೀವೇ ತಿದ್ದಿಕೊಳ್ಳಬಹುದು. ತೊಗರಿಬೇಳೆ ಕೆ.ಜಿ.ಗೆ 140 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಸುಮಾರು 220 ಗ್ರಾಂ ಪ್ರೋಟೀನ್ ಇದೆ. ಗ್ರಾಂಗೆ 64 ಪೈಸೆ ಬಿತ್ತು. ಹುರುಳಿಕಾಳು 80 ರೂಪಾಯಿ ಆದರೆ ಅದರಲ್ಲೂ ಅಷ್ಟೇ ಪ್ರೋಟೀನ್, ಗ್ರಾಂಗೆ 36 ಪೈಸೆ. ಕಡಲೆಕಾಯಿ ಬೀಜ 140 ರೂಪಾಯಿ ಆದರೆ 56 ಪೈಸೆ. ಏಳು ರೂಪಾಯಿಯ ಮೊಟ್ಟೆಯಲ್ಲಿ ಆರು ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್ ಇರುವುದರಿಂದ ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಹಾಲು ಇದಕ್ಕೂ ಮೇಲೆ. ಇನ್ನು ಕೊಂಡು ತಂದ ಅಕ್ಕಿ? ಕೆ.ಜಿ.ಗೆ 50 ರೂಪಾಯಿ, ಪ್ರೋಟೀನ್ 75 ಗ್ರಾಂ ಆಸುಪಾಸು, ಗ್ರಾಂಗೆ 67 ಪೈಸೆ. ಅಂದರೆ ‘ಕೈಗೆಟುಕದ’ ತೊಗರಿಬೇಳೆ ಈ ಲೆಕ್ಕದಲ್ಲಿ ಅಂಗಡಿ ಅಕ್ಕಿಗಿಂತ ತುಟ್ಟಿಯಲ್ಲ, ಹುರುಳಿಯಂತೂ ಅರ್ಧ ಬೆಲೆಯದು. ಸೋಯಾ ಚಂಕ್ಸ್ ಇನ್ನೂ ಅಗ್ಗ. ಅದರ ತೂಕದಲ್ಲಿ ಅರ್ಧಕ್ಕರ್ಧ ಪ್ರೋಟೀನೇ. ರುಚಿಯ ಬಗ್ಗೆ ಮಾತ್ರ ಅದರ ಪರವಾಗಿ ವಾದ ಮಾಡುವುದು ಕಷ್ಟ.

ರೇಷನ್ ಅಕ್ಕಿ ಪುಕ್ಕಟೆ ಸಿಗುವಾಗ ಅದರ ಪ್ರೋಟೀನೇ ಸಾಲದೇ ಎಂದು ಕೇಳಬಹುದು. ಸಾಲದು. ಪ್ರೋಟೀನ್ ಎಂಬುದು ಹಲವು ಅಮೈನೊ ಆಮ್ಲಗಳ ಸರ; ಅಕ್ಕಿ, ಗೋಧಿ, ಜೋಳಗಳಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಕಾಳುಗಳಲ್ಲಿ ಲೈಸಿನ್ ಧಾರಾಳ, ಆದರೆ ಮೆಥಿಯೊನಿನ್ ಕಡಿಮೆ. ಎರಡನ್ನೂ ಜೊತೆಗೆ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಳೆಯ ಜೋಡಿಗಳನ್ನು ಈ ಕಣ್ಣಿಂದ ನೋಡಿದರೆ ಬೆರಗಾಗುತ್ತದೆ. ಮುದ್ದೆಗೆ ಹುರುಳಿಕಾಳು ಸಾರು, ಜೋಳದ ರೊಟ್ಟಿಗೆ ಕಾಳು ಪಲ್ಯ ಮತ್ತು ಶೇಂಗಾ ಚಟ್ನಿ ಪುಡಿ, ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳಿನ ಪಲ್ಯ ಅಥವಾ ಬೂತಾಯಿ ಸಾರು. ಬಯಲುಸೀಮೆ, ಉತ್ತರ ಕರ್ನಾಟಕ, ಕರಾವಳಿ ಈ ಮೂರೂ ಕಡೆ ಬೇರೆ ಬೇರೆ ಬೆಳೆ, ಬೇರೆ ಬೇರೆ ರುಚಿ, ತಟ್ಟೆಯ ಒಳಲೆಕ್ಕ ಮಾತ್ರ ಒಂದೇ. ಇದರ ಮೇಲೆ ರಾಗಿಯದ್ದು ಬೋನಸ್ಸು: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಸುತ್ತಮುತ್ತ. ರಾಗಿಯ ಕ್ಯಾಲ್ಸಿಯಂ ಹಾಲಿನದ್ದರಷ್ಟು ಸಲೀಸಾಗಿ ಮೈ ಸೇರುವುದಿಲ್ಲ ಎನ್ನುವುದನ್ನೂ ಹೇಳಬೇಕು. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಆ ಅಡ್ಡಿ ಒಂದಷ್ಟು ಸರಿಯುತ್ತದೆ.

ತೊಗರಿಯೊಂದಕ್ಕೇ ಜೋತುಬಿದ್ದಿರುವುದು ನಮ್ಮ ಇನ್ನೊಂದು ತೊಂದರೆ. ಕಲಬುರಗಿ ತೊಗರಿಯ ಕಣಜವೇನೋ ನಿಜ, ಆದರೆ ದೇಶದ ಹೊಟ್ಟೆಗೆ ಸಾಲದೆ ಮ್ಯಾನ್ಮಾರ್‌ನಿಂದ, ಮೊಜಾಂಬಿಕ್‌ನಿಂದ ಹಡಗು ಬರಬೇಕು. ಮಳೆ ಕೈಕೊಟ್ಟ ವರ್ಷ ದರ ಹಾರುತ್ತದೆ, 2015ರಲ್ಲಿ ಕೆ.ಜಿ.ಗೆ 200 ರೂಪಾಯಿ ಮುಟ್ಟಿದ್ದು ಹಲವರಿಗೆ ನೆನಪಿರಬಹುದು. ಹುರುಳಿ, ಅಲಸಂದೆ, ಹೆಸರು, ಕಡಲೆ, ಅವರೆ, ಮಡಿಕೆಕಾಳು ಇಷ್ಟೆಲ್ಲ ಇರುವ ನಾಡಿನಲ್ಲಿ ಬೇಳೆ ಎಂದರೆ ತೊಗರಿ ಮಾತ್ರ ಎಂದುಕೊಂಡ ಅಡುಗೆಮನೆ ಮಾರುಕಟ್ಟೆಯ ಒಂದೇ ಬೆಲೆಗೆ ಒತ್ತೆ ಬೀಳುತ್ತದೆ. ವಾರದಲ್ಲಿ ಎರಡು ದಿನ ತೊಗರಿ, ಉಳಿದ ದಿನ ಆ ವಾರ ಅಗ್ಗವಿರುವ ಕಾಳು ಎಂದಿಟ್ಟುಕೊಂಡರೆ ಖರ್ಚು ತಾನಾಗಿ ಇಳಿಯುತ್ತದೆ. ಹುರುಳಿಯಲ್ಲಿ ಪ್ರೋಟೀನ್ ಅಷ್ಟೇ ಅಲ್ಲ, ಕಬ್ಬಿಣವೂ ಕ್ಯಾಲ್ಸಿಯಮ್ಮೂ ತೊಗರಿಬೇಳೆಗಿಂತ ಹೆಚ್ಚು. ದನಕ್ಕೆ, ಕುದುರೆಗೆ ಹಾಕುವ ಕಾಳು ಎಂಬ ತಾತ್ಸಾರದಿಂದಲೇ ಅದರ ಬೆಲೆ ಇಷ್ಟು ಕೆಳಗಿದೆಯೆಂದರೆ, ಆ ತಾತ್ಸಾರ ಇನ್ನಷ್ಟು ದಿನ ಇರಲಿ ಎನ್ನಬೇಕು.

ಮಿತವ್ಯಯದ ಅಡುಗೆ ಹೇಗಿರುತ್ತದೆ ಎನ್ನುವುದಕ್ಕೆ ಹಳೆ ಮೈಸೂರು ಸೀಮೆಯ ಬಸ್ಸಾರಿಗಿಂತ ಒಳ್ಳೆಯ ಪಾಠ ಸಿಗದು. ರಾತ್ರಿ ನೆನೆಹಾಕಿದ ಅಲಸಂದೆ ಅಥವಾ ಹೆಸರುಕಾಳನ್ನು ಮುಕ್ಕಾಲು ಬೇಯಿಸಿ, ತೊಳೆದು ಹೆಚ್ಚಿದ ದಂಟಿನ ಸೊಪ್ಪನ್ನು ಅದಕ್ಕೇ ಹಾಕಿ, ಉಪ್ಪು ಬಿದ್ದು ಎರಡೂ ಬೆಂದ ಮೇಲೆ ನೀರನ್ನು ಬಸಿದಿಟ್ಟುಕೊಳ್ಳುತ್ತಾರೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಸ್ವಲ್ಪ ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳುಸೊಪ್ಪನ್ನೇ ಒಂದು ಸೌಟು ಸೇರಿಸಿ ರುಬ್ಬಿ, ಬಸಿದ ಕಟ್ಟಿನೊಳಗೆ ಕದಡಿ ಕುದಿಸಿದರೆ ಸಾರು. ಬಸಿದು ಉಳಿದ ಕಾಳುಸೊಪ್ಪಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಸಲ ಒಲೆ ಹಚ್ಚಿ ಬೇಯಿಸಿದ್ದಕ್ಕೆ ಎರಡು ಅಡುಗೆ. ಸೊಪ್ಪು ಬೇಯುವಾಗ ನೀರಿಗೆ ಇಳಿಯುವ ಫೋಲೇಟ್, ಖನಿಜಗಳು ಮೋರಿಗೆ ಹೋಗದೆ ಸಾರಿಗೇ ಬಂದವು. ರುಬ್ಬುವಾಗ ಹಾಕಿದ ಆ ಒಂದು ಸೌಟು ಕಾಳು ಸಾರಿಗೆ ಮೈ ಕೊಡುವುದರಿಂದ ಕಾಯಿ ಅರ್ಧ ಹೋಳಿನ ಬದಲು ಒಂದು ಚೂರು ಸಾಕು. ತೆಂಗಿನಕಾಯಿ ಬೆಲೆ ನೋಡಿದವರಿಗೆ ಇದರ ಬೆಲೆ ಗೊತ್ತು. ಎಣ್ಣೆ ಬಿದ್ದದ್ದು ಒಗ್ಗರಣೆಗೆ ಎರಡು ಚಮಚ. ಇಡೀ ಕೆಲಸದಲ್ಲಿ ಬಿಸಾಡಿದ್ದು ದಂಟಿನ ನಾರು ಮಾತ್ರ. ಇದನ್ನು ಬಡವರ ಅಡುಗೆ ಎನ್ನುವವರು ಅದನ್ನು ಕಟ್ಟಿದವರ ತಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ತರಕಾರಿಯ ವಿಷಯಕ್ಕೆ ಬಂದರೆ ದರದ ಏರಿಳಿತ ದೊಡ್ಡ ನೆಪ, ಅಷ್ಟೇ ನಿಜ ಕೂಡ. ಆದರೆ ಸಾರಿಗೆ ಹುಳಿ ಬೇಕೇ ಹೊರತು ಟೊಮೆಟೊವೇ ಬೇಕೆಂದಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿದಾಗಲೂ ಹುಣಸೆಹಣ್ಣು ಡಬ್ಬಿಯಲ್ಲೇ ಇತ್ತು. ಮಾರ್ಗಸೂಚಿಯ 400 ಗ್ರಾಂನಲ್ಲಿ 100 ಗ್ರಾಂ ಸೊಪ್ಪಿಗೆ ಮೀಸಲು. ದಂಟು, ಮೆಂತ್ಯ, ಸಬ್ಬಸಿಗೆ, ಪುಂಡಿ, ಬಸಳೆ ಇವುಗಳಲ್ಲಿ ಯಾವುದಾದರೂ ಒಂದು ಎಲ್ಲ ಕಾಲದಲ್ಲೂ ಅಗ್ಗವಿರುತ್ತದೆ. ನುಗ್ಗೆ ಮರ ಬೀದಿಗೊಂದು ಇದೆ, ಸೊಪ್ಪು ಕೇಳಿದರೆ ಬೇಡ ಎನ್ನುವವರು ಕಡಿಮೆ. ಒಂದು ಸಣ್ಣ ವಿಷಯ ಮಾತ್ರ ಮರೆಯಬಾರದು. ಸೊಪ್ಪು-ಕಾಳುಗಳ ಕಬ್ಬಿಣಾಂಶವನ್ನು ಮೈ ಚೆನ್ನಾಗಿ ಹೀರಿಕೊಳ್ಳಬೇಕಾದರೆ ಜೊತೆಗೆ ವಿಟಮಿನ್ ಸಿ ಬೇಕು. ಊಟದ ಹಿಂದೆಯೇ ಕುಡಿಯುವ ಟೀ ಅದಕ್ಕೆ ಅಡ್ಡಗಾಲು. ಬಡಿಸಿದ ಸಾರಿಗೆ ನಿಂಬೆಹುಳಿ ಹಿಂಡಿಕೊಂಡು, ಟೀಯನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ದುಡ್ಡು ಖರ್ಚಿಲ್ಲದೆ ಊಟದ ಗುಣ ಹೆಚ್ಚುತ್ತದೆ. ಹಣ್ಣಿನಲ್ಲೂ ಹೀಗೇ. ಆಸ್ಪತ್ರೆಗೆ ಹೋಗುವಾಗ ನಾವು ಸೇಬು ಕೊಳ್ಳುತ್ತೇವೆ. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ಮೀರಿ ವಿಟಮಿನ್ ಸಿ ಇದ್ದರೆ ಅಷ್ಟೇ ಸೇಬಿನಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ.

ಕಾಳು-ಸೊಪ್ಪಿಗೆ ದುಡ್ಡು ಎಲ್ಲಿಂದ ತರುವುದು? ಈಗ ಹೋಗುತ್ತಿರುವ ಜಾಗದಿಂದಲೇ. ಕೇಂದ್ರ ಸರ್ಕಾರದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಲ್ಲಿ, ದೇಶದ ಮನೆಗಳ ಒಟ್ಟು ಖರ್ಚಿನಲ್ಲಿ ಪಾನೀಯ ಮತ್ತು ಸಂಸ್ಕರಿಸಿದ ಆಹಾರಗಳ ಪಾಲು ಹಳ್ಳಿಗಳಲ್ಲಿ ಶೇ 9.84, ನಗರಗಳಲ್ಲಿ ಶೇ 11.09. ತಿನ್ನುವ ಬಾಬ್ತುಗಳಲ್ಲೆಲ್ಲ ದೊಡ್ಡದು ಇದೇ. ಹಳ್ಳಿಗಳಲ್ಲಿ ಧಾನ್ಯಕ್ಕೆ ಹೋಗುವುದು ಸುಮಾರು ಶೇ 5. ಪಾನೀಯ-ಸಂಸ್ಕರಿಸಿದ ಆಹಾರದ ಪಾಲಿನೊಳಗೆ ಟೀ-ಕಾಫಿ, ಹೊರಗೆ ಕೊಂಡು ತಿಂದ ತಿಂಡಿ-ಊಟವೂ ಸೇರಿದೆ, ಆದ್ದರಿಂದ ಎಲ್ಲವೂ ದುಂದು ಎನ್ನಲಾಗದು. ಆದರೂ ಐದು-ಹತ್ತು ರೂಪಾಯಿ ಪೊಟ್ಟಣಗಳು ಎಷ್ಟು ಸದ್ದಿಲ್ಲದೆ ಜೇಬು ಕತ್ತರಿಸುತ್ತವೆ ಎನ್ನುವುದಕ್ಕೆ ಈ ಅಂಕಿ ಸಾಕ್ಷಿ. ಮಕ್ಕಳ ‘ಶಕ್ತಿ’ಗೆಂದು ಡಬ್ಬಿ ಪುಡಿ ಕೊಳ್ಳುವ ಮನೆಗಳಿಗೆ ಇನ್ನೊಂದು ಸಂಗತಿ ತಿಳಿದಿರಲಿ: ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ಪಟ್ಟಿಯಿಂದ ಕೈಬಿಡುವಂತೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತ್ತು. ಎಣ್ಣೆಯ ಲೆಕ್ಕ ಇನ್ನೂ ಸುಲಭ. ತಲೆಗೆ 27 ಗ್ರಾಂ ಎಂದರೆ ನಾಲ್ಕು ಜನರಿಗೆ ತಿಂಗಳಿಗೆ ಮೂರೂವರೆ ಲೀಟರ್. ಐದು ಲೀಟರ್ ಕ್ಯಾನು ತಿಂಗಳೊಪ್ಪತ್ತಿನಲ್ಲಿ ಬರಿದಾಗುತ್ತಿದ್ದರೆ ಒಂದೂವರೆ ಲೀಟರ್ ಹೆಚ್ಚಾಯಿತು. ಲೀಟರಿಗೆ 150 ರೂಪಾಯಿ ಎಂದರೂ 225 ರೂಪಾಯಿ, ಮೇಲಿನ ದರದಲ್ಲಿ ಎರಡೂಮುಕ್ಕಾಲು ಕೆ.ಜಿ. ಹುರುಳಿ.

ಇಷ್ಟು ಹೇಳಿದ ಮೇಲೆ ಎದುರು ಬರುವ ಮಾತುಗಳಲ್ಲಿ ಅತಿ ಗಟ್ಟಿಯಾದದ್ದು ಸಮಯದ್ದು. ಬಸ್ಸಾರು, ಮೊಳಕೆಕಾಳು, ಸೊಪ್ಪು ಬಿಡಿಸುವುದು ಇವಕ್ಕೆಲ್ಲ ಹೊತ್ತು ಬೇಕು, ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಹೆಂಗಸಿಗೆ ಆ ಹೊತ್ತು ಎಲ್ಲಿದೆ? ಈ ಆಕ್ಷೇಪವನ್ನು ತಳ್ಳಿಹಾಕಲು ಬರುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಮನೆಯೂಟ ಅಗ್ಗ ಎಂದು ನಾವು ಬರೆಯುವ ಲೆಕ್ಕದಲ್ಲೆಲ್ಲ ಆಕೆಯ ಕೂಲಿಯ ಕಾಲಂ ಖಾಲಿ ಬಿದ್ದಿರುತ್ತದೆ. ಇದಕ್ಕೆ ಅರ್ಧ ಉತ್ತರ ಕೆಲಸದ ಕ್ರಮದಲ್ಲಿದೆ. ಕಾಳು ನೆನೆಯುವುದು ನಾವು ಮಲಗಿರುವಾಗ. ನೆನೆದ ಕಾಳು ಬೇಗ ಬೇಯುವುದರಿಂದ ಒಲೆಯ ಮುಂದಿನ ಹೊತ್ತೂ ಸಿಲಿಂಡರಿನ ಆಯುಸ್ಸೂ ಎರಡೂ ಉಳಿಯುತ್ತವೆ. ವಾರಕ್ಕೊಮ್ಮೆ ಶೇಂಗಾ ಅಥವಾ ಹುಚ್ಚೆಳ್ಳು ಚಟ್ನಿ ಪುಡಿ ಕುಟ್ಟಿಟ್ಟರೆ ಅವಸರದ ದಿನ ಅದೇ ಪಲ್ಯ. ನೆನೆದ ಹೆಸರುಬೇಳೆಗೆ ಸೌತೆಕಾಯಿ, ನಿಂಬೆಹುಳಿ ಸೇರಿಸಿದ ಕೋಸಂಬರಿಗೆ ಒಲೆಯೇ ಬೇಡ. ಇನ್ನರ್ಧ ಉತ್ತರ ಯಾವ ಪಾಕಪುಸ್ತಕದಲ್ಲೂ ಇಲ್ಲ: ಸೊಪ್ಪು ಬಿಡಿಸಲು, ಮುದ್ದೆ ತೊಳಸಲು ಗಂಡಸರ ಕೈಗೂ ಬರುತ್ತದೆ.

‘ಕಾಳು ತಿಂದರೆ ಗ್ಯಾಸು’ ಎನ್ನುವುದು ಮುಂದಿನ ದೂರು, ಈ ಸಲ ಸಿಲಿಂಡರಿನದ್ದಲ್ಲ. ಕಾಳಿನಲ್ಲಿರುವ, ನಮ್ಮ ಸಣ್ಣ ಕರುಳಿಗೆ ಅರಗದ ಕೆಲವು ಸಕ್ಕರೆಗಳು ದೊಡ್ಡ ಕರುಳಿನಲ್ಲಿ ಹುದುಗುವುದರಿಂದ ಆಗುವ ತೊಂದರೆ ಅದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ, ಮೊಳಕೆ ಬರಿಸಿದರೆ ಇನ್ನಷ್ಟು. ಬಹುದಿನ ಕಾಳು ಕಾಣದ ಹೊಟ್ಟೆಗೆ ಒಂದೇ ಸಲ ಬಟ್ಟಲು ತುಂಬ ಹಾಕದೆ ವಾರ ವಾರ ಏರಿಸಿಕೊಂಡು ಹೋಗುವುದು ಜಾಣತನ. ಮಕ್ಕಳು ತಿನ್ನುವುದಿಲ್ಲ ಎನ್ನುವ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ದೋಸೆ ಹಿಟ್ಟಿಗೆ ನೆನೆದ ಹೆಸರು ಸೇರಿಸಿ ರುಬ್ಬಿದರೆ ಪತ್ತೆ ಹಚ್ಚುವ ಮಗು ಇನ್ನೂ ಹುಟ್ಟಿಲ್ಲ.

ಕೊನೆಯ ಆಕ್ಷೇಪ ಅಡುಗೆಮನೆಗಿಂತ ದೊಡ್ಡದು. ಪೌಷ್ಟಿಕ ಊಟದ ಖರ್ಚು ಭಾರತದ ಕೋಟ್ಯಂತರ ಜನರ ಕೈಗೆ ಎಟುಕುವುದಿಲ್ಲ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ವರ್ಷ ವರ್ಷವೂ ಹೇಳುತ್ತಿದೆ. ಹಾಗಿರುವಾಗ ಬಡವರಿಗೆ ಅಡುಗೆ ಪಾಠ ಹೇಳುವುದು ಅವರ ಬಡತನಕ್ಕೆ ಅವರನ್ನೇ ಹೊಣೆ ಮಾಡಿದಂತಲ್ಲವೇ? ದಿನಗೂಲಿ ತಪ್ಪಿದ ಮನೆಗೆ ಈ ಲೇಖನದಿಂದ ಏನೂ ಆಗಬೇಕಾದ್ದಿಲ್ಲ, ಒಪ್ಪುತ್ತೇನೆ. ಒಬ್ಬಂಟಿ ಕೂಲಿಯವನಿಗೆ ಸ್ಟವ್ ಹಚ್ಚುವುದಕ್ಕಿಂತ ಇಂದಿರಾ ಕ್ಯಾಂಟೀನಿನ ಹತ್ತು ರೂಪಾಯಿ ಊಟವೇ ಲಾಭ, ಅದನ್ನೂ ಒಪ್ಪುತ್ತೇನೆ. ಕಾಳು-ಸೊಪ್ಪು ಎಲ್ಲವನ್ನೂ ಕೊಡುವುದೂ ಇಲ್ಲ. ವಿಟಮಿನ್ ಬಿ12 ಗಿಡಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಬೇಕೇ ಬೇಕು, ಬೆಳೆಯುವ ಮಕ್ಕಳಿಗೂ ಬಸುರಿಗೂ ಇದರಲ್ಲಿ ಜಿಪುಣತನ ಸಲ್ಲದು. ಶಾಲೆಯಲ್ಲಿ ಮಕ್ಕಳಿಗೆ ಹಾಲು-ಮೊಟ್ಟೆ ಕೊಡುವುದನ್ನು ದಂಡದ ಖರ್ಚು ಎನ್ನುವವರು ಇದನ್ನು ಗಮನಿಸಬೇಕು. ಆದರೆ ಕೂಲಿಯೇ ತಪ್ಪಿದ ಮನೆಗೂ ದುಡ್ಡಿನ ಚಿಂತೆಯಿಲ್ಲದ ಮನೆಗೂ ನಡುವೆ, ರೇಷನ್ ಅಕ್ಕಿಯೂ ಇದ್ದು ತಿಂಗಳಿಗೆ ಒಂದಷ್ಟು ಸಾವಿರ ದಿನಸಿಗೂ ಹೋಗುವ ಲಕ್ಷಾಂತರ ಮನೆಗಳಿವೆ. ಆ ಮನೆಗಳಲ್ಲಿ ದುಡ್ಡು ಕಡಿಮೆ ಇರುವುದು ನಿಜ. ಇರುವ ದುಡ್ಡು ಚೀಟಿಯ ಯಾವ ಸಾಲಿಗೆ ಮೊದಲು ಹೋಗುತ್ತದೆ ಎನ್ನುವುದು ಮನೆಯವರ ಕೈಯಲ್ಲೇ ಇದೆ.

ಮುಂದಿನ ತಿಂಗಳ ಚೀಟಿ ಬರೆಯುವಾಗ ಕಾಳುಗಳನ್ನು ಮೊದಲ ಸಾಲಿನಲ್ಲಿ ಬರೆಯಿರಿ, ಎಣ್ಣೆ-ಸಕ್ಕರೆಯನ್ನು ಕೊನೆಗೆ, ದುಡ್ಡು ಉಳಿದಷ್ಟಕ್ಕೆ. ಅಲ್ಲಿಯತನಕ ಕಾಯಬೇಕೆಂದೂ ಇಲ್ಲ. ಇವತ್ತು ಮಲಗುವ ಮುಂಚೆ ನಾಲ್ಕು ಹಿಡಿ ಹುರುಳಿ ತೊಳೆದು ನೆನೆಹಾಕಿ. ನಾಳೆ ರಾತ್ರಿಯ ಸಾರಿಗೆ ಅಷ್ಟು ಸಾಕು.